ಹಡಗು ಕೇಳುವುದೇನು, ಬಂದರು ಕೊಡುವುದೇನು

ಕ್ರೂಸ್ ಹಡಗಿನಲ್ಲಿ ದೇಶ ಸುತ್ತುವವರ ಮೇಲೆ ಒಂದು ಆಪಾದನೆ ಸದಾ ಇದ್ದದ್ದೇ: ಬೆಳಿಗ್ಗೆ ಇಳಿಯುತ್ತಾರೆ, ನಾಲ್ಕು ಬೀದಿ ತಿರುಗುತ್ತಾರೆ, ಫೋಟೊ ಹೊಡೆದುಕೊಳ್ಳುತ್ತಾರೆ, ಸಂಜೆಗೆ ಹಡಗು ಹತ್ತಿ ಹೊರಟುಬಿಡುತ್ತಾರೆ, ಇದೂ ಒಂದು ನೋಡುವುದೇ? ಹೀಗೆ ದೂರುವವರಲ್ಲಿ ಎರಡು ಪಂಗಡಗಳಿವೆ. ಒಂದೇ ಊರಿನಲ್ಲಿ ವಾರಗಟ್ಟಲೆ ತಂಗುವ ತಾಳ್ಮೆಯ ಪ್ರವಾಸಿಗರು ಒಂದು ಕಡೆ. ತಮ್ಮ ಮನೆಯ ಕಿಟಕಿಯೆದುರು ದಿನಕ್ಕೊಂದು ಹೊಸ ಗುಂಪನ್ನು ಕಾಣುವ ಊರಿನವರು ಇನ್ನೊಂದು ಕಡೆ. ಮೊದಲಿನವರದು ಅಭಿರುಚಿಯ ತಕರಾರು, ಎರಡನೆಯವರದು ಬದುಕಿನ ತಕರಾರು. ಎರಡನ್ನೂ ಕಲಸಿಬಿಟ್ಟಿರುವುದರಿಂದ ಮುಖ್ಯವಾದ ಪ್ರಶ್ನೆಯೊಂದು ಹಿಂದೆ ಸರಿದಿದೆ. ಬಂದುಹೋಗುವವರಿಂದಲೇ ಹುಟ್ಟಿ ಬೆಳೆದದ್ದು ಬಂದರು ನಗರ. ಅದು ಈಗ ಬಂದುಹೋಗುವವರ ಬಗ್ಗೆ ದೂರಬಹುದೇ? ದೂರುವುದಾದರೆ ಯಾವ ಆಧಾರದ ಮೇಲೆ?

ನಾರ್ವೆಯ ನೈರುತ್ಯ ಕರಾವಳಿಯಲ್ಲಿರುವ ಸ್ಟವಾಂಗರ್ ಈ ಪ್ರಶ್ನೆಗೆ ಒಳ್ಳೆಯ ಒರೆಗಲ್ಲು. ಬಹಳಷ್ಟು ದೊಡ್ಡ ಬಂದರುಗಳಲ್ಲಿ ಹಡಗು ನಿಲ್ಲುವುದು ಒಂದು ಕಡೆ, ಊರಿರುವುದು ಇನ್ನೊಂದು ಕಡೆ. ನಡುವೆ ಬೇಲಿ, ಬಸ್ಸು, ಕಂಟೇನರುಗಳ ರಾಶಿ. ಇಲ್ಲಿ ಹಾಗಿಲ್ಲ. ವೋಗೆನ್ ಎಂಬ ಕಿರಿದಾದ ಕೊಲ್ಲಿ ಊರಿನ ನಡುಮಧ್ಯದವರೆಗೂ ಒಳಕ್ಕೆ ಚಾಚಿದೆ. ಅದರ ತುದಿಯಲ್ಲಿ ಹನ್ನೆರಡನೆಯ ಶತಮಾನದ ಕೆಥೆಡ್ರಲ್. ಪಡುದಂಡೆಯಲ್ಲಿ ಕ್ರೂಸ್ ಹಡಗುಗಳ ಧಕ್ಕೆ. ಧಕ್ಕೆಯ ಬೆನ್ನಿಗೇ, ದಿಬ್ಬದ ಮೇಲೆ, ಹಳೆ ಸ್ಟವಾಂಗರ್. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಪುಟ್ಟ ಪುಟ್ಟ ಮರದ ಮನೆಗಳು, ಬಹುಪಾಲು ಬಿಳಿ ಬಣ್ಣದವು, ಕಲ್ಲು ಹಾಸಿದ ಓಣಿಗಳು. ನಾವಿಕರು, ಕುಶಲಕರ್ಮಿಗಳು, ಮೀನಿನ ಕಾರ್ಖಾನೆಯ ಕೆಲಸಗಾರರು ಸಂಸಾರ ಮಾಡಿದ ಮನೆಗಳಿವು. ಈಗಲೂ ಇಲ್ಲಿ ಜನ ವಾಸವಾಗಿದ್ದಾರೆ. ಹತ್ತು ಹನ್ನೆರಡು ಅಂತಸ್ತಿನ ಹಡಗು ಬಂದು ನಿಂತಾಗ ಓಣಿಯಲ್ಲಿ ನಿಂತು ತಲೆಯೆತ್ತಿದರೆ ಮಾಡುಗಳ ಮೇಲೆ ಕಾಣುವುದು ಬಾಲ್ಕನಿಗಳ ಸಾಲು. ಅದೇ ದಂಡೆಯಲ್ಲಿ ಸ್ವಲ್ಪ ದೂರ ನಡೆದರೆ ಊರಿನ ನೌಕಾ ಮ್ಯೂಸಿಯಂ ಸಿಗುತ್ತದೆ.

ಮೊದಲು ಸಮಯದ ತಕರಾರನ್ನು ಇತ್ಯರ್ಥ ಮಾಡಿಬಿಡೋಣ. ಕಡಲ ವ್ಯಾಪಾರದಲ್ಲಿ ಬಂದರಿನ ವಾಸ ಎಂದೂ ದೀರ್ಘವಾಗಿರಲಿಲ್ಲ. ಸರಕು ಇಳಿಸಿ ಏರಿಸುವಷ್ಟು, ಅನುಕೂಲದ ಗಾಳಿ ಬೀಸುವಷ್ಟು, ಹಾಯಿ ಹೊಲಿಸಿಕೊಳ್ಳುವಷ್ಟು ಹೊತ್ತು ನಾವಿಕ ನಿಲ್ಲುತ್ತಿದ್ದ. ಅವನಿಗೆ ಊರಿನ ಚರಿತ್ರೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಸಾಮಾನಿನ ಅಂಗಡಿ, ಹೆಂಡದಂಗಡಿ, ಚರ್ಚಿನ ಗೋಪುರ. ಅವನನ್ನು ಯಾರೂ ಹುಸಿ ಪ್ರವಾಸಿ ಎಂದು ಹಳಿಯಲಿಲ್ಲ.

ಇದಕ್ಕೆ ತದ್ವಿರುದ್ಧದ ಉದಾಹರಣೆ ಸ್ಟವಾಂಗರಿನಿಂದ ಉತ್ತರಕ್ಕಿರುವ ಬರ್ಗೆನ್. ಅಲ್ಲಿಯ ಬ್ರಿಗೆನ್ ಧಕ್ಕೆಯಲ್ಲಿ ಹಾನ್ಸಾ ಒಕ್ಕೂಟದ ಜರ್ಮನ್ ವರ್ತಕರು 1360ರ ಸುಮಾರಿಗೆ ಕೋಠಿ ಸ್ಥಾಪಿಸಿದರು. ಅದು 1754ರವರೆಗೆ, ಹತ್ತಿರ ಹತ್ತಿರ ನಾಲ್ಕು ಶತಮಾನ ನಡೆಯಿತು. ಉತ್ತರದಿಂದ ಬರುವ ಒಣಮೀನನ್ನು ಕೊಂಡು ಧಾನ್ಯ ಮಾರುವುದು ಅವರ ಕಸುಬು. ಅಲ್ಲಿದ್ದ ಗಂಡಸರು ಊರಿನ ಹೆಣ್ಣನ್ನು ಮದುವೆಯಾಗುವಂತಿರಲಿಲ್ಲ. ಅವರ ವಸತಿ ಬೇರೆ, ಕಟ್ಟಳೆ ಬೇರೆ, ಮಾತು ಬೇರೆ. ಹೀಗೆ ನಾನೂರು ವರ್ಷ ಒಂದೇ ಧಕ್ಕೆಯ ಮೇಲಿದ್ದೂ ಊರಿನಿಂದ ಹೊರಗುಳಿಯುವುದು ಸಾಧ್ಯ. ಇಷ್ಟು ಗೊತ್ತಾದ ಮೇಲೆ ಗಂಟೆಗಳ ಲೆಕ್ಕ ಹಿಡಿದು ಕ್ರೂಸ್ ಪ್ರಯಾಣಿಕರನ್ನು ಹೀಯಾಳಿಸುವುದರಲ್ಲಿ ಅರ್ಥವಿಲ್ಲ. ಅಳೆಯಬೇಕಾದದ್ದು ಹಡಗಿಗೂ ದಡಕ್ಕೂ ನಡುವೆ ನಡೆದ ಕೊಡುಕೊಳ್ಳುವಿಕೆಯನ್ನು. ಹಡಗಿಗೆ ಊರಿನಿಂದ ಏನು ಬೇಕಿತ್ತು? ಅದನ್ನು ಪಡೆದು ಪ್ರತಿಯಾಗಿ ಏನು ಬಿಟ್ಟುಹೋಯಿತು?

ಈ ಲೆಕ್ಕವನ್ನು ಕಲಿಸುವ ಜಾಗವೇ ನೌಕಾ ಮ್ಯೂಸಿಯಂ. ಸ್ಟವಾಂಗರಿನದು ಇರುವುದು ಹಳೆಯ ಉಗ್ರಾಣದಲ್ಲಿ. ಕೊಲ್ಲಿಯುದ್ದಕ್ಕೂ ಸಾಲುಗಟ್ಟಿದ್ದ ಇಂಥ ಕಟ್ಟಡಗಳ ವಿನ್ಯಾಸವನ್ನು ನೋಡಿದರೇ ಒಂದು ಆರ್ಥಿಕತೆ ಅರ್ಥವಾಗುತ್ತದೆ. ಮರದ ಎತ್ತರದ ಮನೆ, ಕಡಿದಾದ ಮಾಡು, ಕಿರಿದಾದ ಮುಖ. ಒಂದು ಮಗ್ಗುಲು ಬೀದಿಗೆ, ಇನ್ನೊಂದು ಮಗ್ಗುಲು ನೀರಿಗೆ. ನೀರಿನ ಕಡೆ ಅಂತಸ್ತಿಗೊಂದು ದೊಡ್ಡ ಬಾಗಿಲು, ಮೇಲೆ ಮಾಡಿನ ತುದಿಯಿಂದ ಹೊರಚಾಚಿದ ತೊಲೆ, ಅದಕ್ಕೆ ರಾಟೆ. ದೋಣಿ ಬಾಗಿಲ ಕೆಳಗೇ ಬಂದು ನಿಂತರೆ ಪೀಪಾಯಿಗಳನ್ನು ಹಗ್ಗ ಕಟ್ಟಿ ನೇರ ಅಟ್ಟಕ್ಕೆ ಎಳೆದುಕೊಳ್ಳಬಹುದು. ಒಳಗೆ ವರ್ತಕನ ಮನೆ, ಕಿರಾಣಿ ಅಂಗಡಿ, ಹಡಗಿನ ಮಾಲೀಕನ ಕಚೇರಿ, ಹಾಯಿ ಹೊಲಿಯುವವನ ಅಟ್ಟ ಇವನ್ನೆಲ್ಲ ಇದ್ದಂತೆ ಮರುಜೋಡಿಸಿ ಇಟ್ಟಿದ್ದಾರೆ. ಮನೆ, ಅಂಗಡಿ, ಉಗ್ರಾಣ, ಧಕ್ಕೆ ಒಂದೇ ಸೂರಿನಡಿ ಇದ್ದ ಕಾಲ ಅದು. ಬಂದ ಹಡಗು ಇವುಗಳಲ್ಲಿ ಒಂದಲ್ಲ ಒಂದರ ಬಾಗಿಲು ತಟ್ಟಲೇಬೇಕಿತ್ತು.

1801ರಲ್ಲಿ ಸ್ಟವಾಂಗರ್ ಎರಡೂವರೆ ಸಾವಿರದಷ್ಟು ಜನರ ಸಣ್ಣ ಪಟ್ಟಣ. 1808ರ ಹೊತ್ತಿಗೆ ಹೆರಿಂಗ್ ಮೀನು ಮತ್ತೆ ಈ ಕರಾವಳಿಗೆ ಹಿಂಡುಹಿಂಡಾಗಿ ಬರತೊಡಗಿತು. ಉಪ್ಪು ಬೇಕಾಯಿತು, ಪೀಪಾಯಿ ಬೇಕಾಯಿತು, ಪೀಪಾಯಿ ಮಾಡುವವರು, ಮೀನು ಸೀಳುವವರು, ಹಡಗು ಕಟ್ಟುವವರು ಬೇಕಾದರು. ಉಪ್ಪು ಹಾಕಿದ ಹೆರಿಂಗ್ ಬಾಲ್ಟಿಕ್ ತೀರಗಳಿಗೆ ಹೋಯಿತು. ಆ ಹಡಗುಗಳು ಮೀನಿಲ್ಲದ ತಿಂಗಳುಗಳಲ್ಲಿ ದೂರದ ಸರಕು ಹೊರಲು ಕಲಿತವು. 1870ರ ದಶಕದಲ್ಲಿ ಹೆರಿಂಗ್ ಬಂದಷ್ಟೇ ಹಠಾತ್ತಾಗಿ ತಿರುಗಿ ಹೋಯಿತು. ಮೀನು ಹೋದರೂ ಊರು ಅದರ ಜೊತೆ ಹೋಗಲಿಲ್ಲ. ಕೈಯಲ್ಲಿ ಹಡಗುಗಳಿದ್ದವು, ಬಂಡವಾಳವಿತ್ತು, ಮೀನು ಕೆಡದಂತೆ ಇಡುವ ವಿದ್ಯೆಯಿತ್ತು. 1873ರಲ್ಲಿ ಡಬ್ಬಿಯಲ್ಲಿ ಆಹಾರ ಕಾಪಿಡುವ ಮೊದಲ ಕಂಪನಿ ಇಲ್ಲಿ ಶುರುವಾಯಿತು.

ಆ ಡಬ್ಬಿಯ ಕತೆ ಹಳೆ ಸ್ಟವಾಂಗರಿನ ಓಣಿಯೊಳಗಿನ ಒಂದು ಹಳೆಯ ಕಾರ್ಖಾನೆಯಲ್ಲಿದೆ. ಅದೂ ಈಗ ಮ್ಯೂಸಿಯಂ. ಬ್ರಿಸ್ಲಿಂಗ್ ಎಂಬ, ನಮ್ಮ ಕರಾವಳಿಯ ಬೂತಾಯಿಯ ಮರಿಯಂತೆ ಕಾಣುವ ಮೀನನ್ನು ಒಂದೊಂದಾಗಿ ಎತ್ತಿ, ಕಣ್ಣಿನ ಮೂಲಕ ತೆಳ್ಳನೆಯ ಕಬ್ಬಿಣದ ಕಡ್ಡಿಗೆ ಪೋಣಿಸಬೇಕು. ಕಡ್ಡಿಗಳನ್ನು ಚೌಕಟ್ಟಿಗೆ ಜೋಡಿಸಿ ಹೊಗೆಯ ಒಲೆಯೊಳಗೆ ಇಡಬೇಕು. ಹೊಗೆ ಹಿಡಿದ ಮೇಲೆ ತಲೆ ಕತ್ತರಿಸಿ, ಮೈ ಹರಿಯದಂತೆ ಒತ್ತೊತ್ತಾಗಿ ಡಬ್ಬಿಗೆ ಜೋಡಿಸಿ, ಎಣ್ಣೆ ಸುರಿದು, ಮುಚ್ಚಳ ಬಿಗಿಯಬೇಕು. ಡಬ್ಬಿ ತುಂಬುವ ಕೆಲಸ ಹೆಂಗಸರದು. ಡಬ್ಬಿಯ ಮೇಲೆ ಅಂಟಿಸುವ ಬಣ್ಣದ ಲೇಬಲ್ಲುಗಳಿಗೆ ಊರಿನಲ್ಲೇ ಛಾಪಖಾನೆಗಳು ಬೆಳೆದವು. ಊರಿನ ಮಕ್ಕಳು ಆ ಲೇಬಲ್ಲುಗಳನ್ನು ಕೂಡಿಟ್ಟು ಅದಲುಬದಲು ಮಾಡಿಕೊಳ್ಳುತ್ತಿದ್ದರು. ಡಬ್ಬಿಯ ಕಾಲವೂ ಇಳಿಮುಖವಾಗುತ್ತಿದ್ದಾಗ, 1969ರ ಕೊನೆಯಲ್ಲಿ, ಉತ್ತರ ಸಮುದ್ರದ ಎಕೊಫಿಸ್ಕ್‌ನಲ್ಲಿ ತೈಲ ಸಿಕ್ಕಿತು. 1972ರಲ್ಲಿ ನಾರ್ವೆಯ ಸಂಸತ್ತು ಸರ್ಕಾರಿ ತೈಲ ಕಂಪನಿಯ ಕೇಂದ್ರ ಕಚೇರಿಯನ್ನು ಈ ಊರಿಗೆ ಕೊಟ್ಟಿತು. ಇಲ್ಲಿಯ ಹಡಗುಕಟ್ಟೆ ತೈಲದ ಅಟ್ಟಣೆಗಳ ಕೆಲಸಕ್ಕೆ ತಿರುಗಿತು.

ಹೆರಿಂಗ್, ಹಡಗು, ಡಬ್ಬಿ, ತೈಲ. ಪ್ರತಿಯೊಂದು ವ್ಯಾಪಾರವೂ ಮುಗಿದುಹೋಗುವಾಗ ಊರಿನವರ ಕೈಯಲ್ಲಿ ಒಂದು ವಿದ್ಯೆಯನ್ನು ಬಿಟ್ಟು ಹೋಗಿದೆ, ಮುಂದಿನದು ಆ ವಿದ್ಯೆಯಿಂದ ಹುಟ್ಟಿದೆ ಅಥವಾ ಅದನ್ನು ಬಳಸಿಕೊಂಡಿದೆ. ಒಳಿತೇ ಆಯಿತೆಂದು ಹೇಳುತ್ತಿಲ್ಲ. 1980ರಲ್ಲಿ ಅಲೆಕ್ಸಾಂಡರ್ ಕೀಲಂಡ್ ಎಂಬ ತೇಲುವ ಅಟ್ಟಣೆ ಮಗುಚಿ 123 ಜನ ಸತ್ತರು. ಕಾರ್ಖಾನೆಯ ಹೊಗೆಯೂ ಯಾರಿಗೂ ಹಿತವಾಗಿರಲಿಲ್ಲ. ನಾನು ಹೇಳುವುದು ಇಷ್ಟೇ: ಆ ಹಡಗುಗಳಿಗೆಲ್ಲ ಈ ಊರಿನ ಕೆಲಸ ಬೇಕಾಗಿತ್ತು.

ಜನರನ್ನು ಹೊತ್ತ ಹಡಗಿಗೂ ಈ ಮಾತು ಸಲ್ಲುತ್ತದೆ. 1825ರ ಜುಲೈ ಮೊದಲ ವಾರ ‘ರೆಸ್ಟೌರಾಸಿಯೊನ್’ ಎಂಬ ಸಣ್ಣ ಹಾಯಿಹಡಗು 52 ಜನರನ್ನು ಕೂರಿಸಿಕೊಂಡು ಇಲ್ಲಿಂದ ನ್ಯೂಯಾರ್ಕಿಗೆ ಹೊರಟಿತು. ನಾರ್ವೆಯಿಂದ ಅಮೆರಿಕಕ್ಕೆ ಗುಂಪಾಗಿ ಹೋದ ಮೊದಲ ವಲಸೆ ಅದು. ಅವರಲ್ಲಿ ಕ್ವೇಕರ್ ಪಂಥದವರಿದ್ದರು. ನೆಪೋಲಿಯನ್ ಯುದ್ಧಕಾಲದಲ್ಲಿ ಇಂಗ್ಲೆಂಡಿನ ಸೆರೆಹಡಗುಗಳಲ್ಲಿದ್ದ ನಾರ್ವೆಯ ನಾವಿಕರು ಅಲ್ಲಿ ಆ ಪಂಥ ಹಿಡಿದು ಊರಿಗೆ ತಂದಿದ್ದರು. ದಾರಿಯಲ್ಲಿ ಒಂದು ಮಗು ಹುಟ್ಟಿ, ಅಕ್ಟೋಬರ್ 9ರಂದು ಮುಟ್ಟಿದಾಗ 53 ಜನರಾಗಿದ್ದರು. ಹಡಗಿನ ಗಾತ್ರಕ್ಕೆ ಹೆಚ್ಚು ಜನರನ್ನು ತುಂಬಿದ್ದಕ್ಕೆ ಅಮೆರಿಕದ ಅಧಿಕಾರಿಗಳು ಹಡಗನ್ನೇ ಜಪ್ತಿ ಮಾಡಿದರು. ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಕ್ಷಮೆ ನೀಡಿದ ಮೇಲೆ ಬಿಡುಗಡೆಯಾಯಿತು. ಎರಡು ನೂರು ವರ್ಷದ ಹಿಂದೆಯೇ ಒಂದು ಬಂದರು ಹಡಗನ್ನು ತಡೆದು ‘ಎಷ್ಟು ಜನ?’ ಎಂದು ಕೇಳಿತ್ತು ಎಂಬುದನ್ನು ನೆನಪಿಟ್ಟುಕೊಳ್ಳೋಣ. ಮುಂದೆ ಬೇಕಾಗುತ್ತದೆ.

ಈಗ ಅದೇ ಧಕ್ಕೆಯಲ್ಲಿ ನಿಂತ ಕ್ರೂಸ್ ಹಡಗನ್ನು ಕೇಳೋಣ: ನಿನಗೆ ಊರಿನಿಂದ ಬೇಕಾದದ್ದೇನು? ಊಟ ಹಡಗಿನಲ್ಲಿದೆ, ಹಾಸಿಗೆ ಹಡಗಿನಲ್ಲಿದೆ, ಅಂಗಡಿ, ನಾಟಕ, ಈಜುಕೊಳ ಎಲ್ಲ ಒಳಗೇ ಇವೆ. ಅದಕ್ಕೆ ಬೇಕಾದದ್ದು ಊರಿನ ನೋಟ. ಹಿಂದಿನ ಹಡಗು ಊರಿನೊಳಗಿಂದ ಸರಕು ಒಯ್ಯುತ್ತಿತ್ತು. ಇದಕ್ಕೆ ಊರೇ ಸರಕು. ಬಂದರು ಶುಲ್ಕ, ಲೀಸೆ ಫ್ಯೋರ್ಡಿಗೆ ಹೋಗುವ ದೋಣಿಯ ಟಿಕೇಟು, ಒಂದು ಕಾಫಿ, ಒಂದು ಉಣ್ಣೆಯ ಸ್ವೆಟರ್ ಇಷ್ಟು ಹಣ ಕೈಬದಲಾಗುತ್ತದೆ, ನಿಜ. ಅದನ್ನು ನಂಬಿ ಬದುಕುವ ಗೈಡುಗಳು, ಅಂಗಡಿಯವರು, ಮ್ಯೂಸಿಯಂ ಸಿಬ್ಬಂದಿ ಇದ್ದಾರೆ, ಅವರ ಪಾಲಿಗೆ ಅದು ಸಣ್ಣ ಮಾತಲ್ಲ. ಆದರೆ ನಾಳೆ ಹಡಗು ಈ ಊರನ್ನು ಬಿಟ್ಟು ಮುಂದಿನ ಫ್ಯೋರ್ಡಿಗೆ ಹೋದರೆ ಇಲ್ಲಿ ಉಳಿಯುವ ವಿದ್ಯೆ ಯಾವುದು?

ಇದಕ್ಕೆ ಒಂದು ಗಟ್ಟಿ ಪ್ರತಿವಾದವಿದೆ. ಪ್ರವಾಸಿಗರು ಬರುವುದರಿಂದಲೇ ಹಳೆಯ ಮನೆಗಳು ಉಳಿದಿವೆ, ಇಲ್ಲವಾದರೆ ಎಂದೋ ಬಿದ್ದುಹೋಗುತ್ತಿದ್ದವು ಎನ್ನುತ್ತಾರೆ. ಬೇರೆ ಊರುಗಳಲ್ಲಿ ಹಾಗೆ ಆಗಿರಬಹುದು. ಇಲ್ಲಿ ನಡೆದದ್ದು ಬೇರೆ. ಎರಡನೆಯ ಮಹಾಯುದ್ಧದ ನಂತರ ಈ ಮರದ ಮನೆಗಳನ್ನು ಕೆಡವಿ ಕಾಂಕ್ರೀಟು ಕಟ್ಟಡ ಎಬ್ಬಿಸುವ ಯೋಜನೆ ಬಂದಿತ್ತು. ನಗರದ ವಾಸ್ತುಶಿಲ್ಪಿ ಐನಾರ್ ಹೆಡೆನ್ ಅದಕ್ಕೆ ಎದುರು ನಿಂತರು. 1956ರಲ್ಲಿ ನಗರಸಭೆ ಒಂದು ಭಾಗವನ್ನು ಉಳಿಸಲು ಮತ ಹಾಕಿತು. ಆಗ ಈ ಧಕ್ಕೆಗೆ ಸಾವಿರಾರು ಪ್ರವಾಸಿಗರು ಇಳಿಯುತ್ತಿರಲಿಲ್ಲ. ಊರು ತನಗಾಗಿ ಉಳಿಸಿಕೊಂಡದ್ದನ್ನು ಆಮೇಲೆ ಬಂದವರು ನೋಡಿ ಮೆಚ್ಚಿದರು. ಹಾಗಾಗಿ ಈ ಮನೆಗಳು ತಮ್ಮ ಉಳಿವಿಗಾಗಿ ಹಡಗಿನ ಋಣದಲ್ಲಿಲ್ಲ. ನೋಟದ ವ್ಯಾಪಾರದಲ್ಲಿ ಬಂಡವಾಳ ಹೂಡಿದ್ದು ಊರು, ಲಾಭದ ದೊಡ್ಡ ಪಾಲು ಹಡಗಿನದು. ಚೌಕಾಸಿಯ ಹಕ್ಕು ಊರಿಗೆ ಇರುವುದು ಇದರಿಂದ.

ಪ್ರವಾಸಿಗರನ್ನು ದೂರುವವರೂ ಹೊಗಳುವವರೂ ಒಟ್ಟಾಗಿ ಮರೆಯುವ ಇನ್ನೊಂದು ಸಂಗತಿ ದುಡಿಮೆಯದು. ನೌಕಾ ಮ್ಯೂಸಿಯಂ ನೋಡಿ ಬಂದವರಿಗೆ ಕಡಲ ದುಡಿಮೆ ಮುಗಿದುಹೋದ ಕಾಲದ ಮಾತು ಎನಿಸುವ ಅಪಾಯವಿದೆ. ಅದು ಮುಗಿದಿಲ್ಲ, ಬೇರೆಯವರ ಕೈಗೆ ಹೋಗಿದೆ. 1987ರಲ್ಲಿ ನಾರ್ವೆ ತನ್ನ ಅಂತರರಾಷ್ಟ್ರೀಯ ಹಡಗು ನೋಂದಣಿಯನ್ನು ತೆರೆದಾಗ, ವಿದೇಶಿ ನಾವಿಕರನ್ನು ಅವರವರ ದೇಶದ ಸಂಬಳದ ಮಟ್ಟದಲ್ಲಿ ಇಟ್ಟುಕೊಳ್ಳಲು ಮಾಲೀಕರಿಗೆ ದಾರಿಯಾಯಿತು. ಕ್ರೂಸ್ ಹಡಗುಗಳಂತೂ ಹೆಚ್ಚಾಗಿ ಬಹಾಮಾಸ್, ಪನಾಮಾ, ಮಾಲ್ಟಾಗಳ ಬಾವುಟ ಹಾರಿಸುತ್ತವೆ. ಅವುಗಳ ಅಡುಗೆಮನೆ, ಲಾಂಡ್ರಿ, ಕ್ಯಾಬಿನ್ ಸ್ವಚ್ಛತೆ, ಎಂಜಿನ್ ಕೋಣೆಗಳಲ್ಲಿ ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಭಾರತದವರಿದ್ದಾರೆ. ಗೋವೆಯವರ ಜೊತೆಗೆ ನಮ್ಮ ಮಂಗಳೂರು, ಉಡುಪಿಯ ಕಡೆಯವರೂ ಇದ್ದಾರೆ. ‘ಹಡಗಿನಲ್ಲಿದ್ದಾನೆ’ ಎಂದರೆ ಸಾಕು, ಕರಾವಳಿಯ ಮನೆಗಳಲ್ಲಿ ಆ ಮಾತಿಗೆ ತಿಂಗಳುಗಟ್ಟಲೆಯ ಒಪ್ಪಂದ, ಊರಿಗೆ ಬರುವ ದುಡ್ಡು, ತಪ್ಪಿಹೋದ ಹಬ್ಬ ಎಲ್ಲ ಸೇರಿಕೊಂಡಿರುತ್ತವೆ. 2013ರಲ್ಲಿ ಜಾರಿಗೆ ಬಂದ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ ನಾವಿಕರಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಬೇಕು. ದಡಕ್ಕಿಳಿಯುವ ಬಿಡುವೂ ಸಿಗಬೇಕು. ಇದು ಅವರ ರಕ್ಷಣೆಗಾಗಿ ಹಾಕಿದ ಕನಿಷ್ಠ ಮಿತಿ. ಇದೇ ಕನಿಷ್ಠ ಎಂದರೆ ಉಳಿದ ಗಂಟೆಗಳು ಎಷ್ಟೆಂದು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು.

ಇಲ್ಲಿ ಮಂಗಳೂರಿನ ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಪಣಂಬೂರಿನ ನವಮಂಗಳೂರು ಬಂದರಿಗೂ ಚಳಿಗಾಲದಲ್ಲಿ ಕ್ರೂಸ್ ಹಡಗುಗಳು ಬರುತ್ತವೆ. ಪ್ರಯಾಣಿಕರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕದ್ರಿ ದೇವಸ್ಥಾನ, ಸೇಂಟ್ ಅಲೋಶಿಯಸ್ ಚಾಪೆಲ್ಲಿಗೆ ಕರೆದೊಯ್ಯುತ್ತಾರೆ. ಗೇರುಬೀಜದ ಕಾರ್ಖಾನೆಯನ್ನೂ ತೋರಿಸುತ್ತಾರೆ. ಸ್ಟವಾಂಗರಿನಲ್ಲಿ ಮೀನು ಪೋಣಿಸುತ್ತಿದ್ದ ಹೆಂಗಸರು ಚರಿತ್ರೆಗೆ ಸೇರಿದ್ದಾರೆ; ಇಲ್ಲಿ ಬೀಜ ಸುಲಿಯುವ ಹೆಂಗಸರು ಕೆಲಸ ನಡೆಸುತ್ತಿರುವಾಗಲೇ ನೋಡುವ ವಸ್ತುವಾಗಿದ್ದಾರೆ. ಇದನ್ನು ಅವಮಾನ ಎಂದು ಕೂಗಾಡುವುದು ಸುಲಭ. ನನಗೆ ಹಾಗೆನಿಸುವುದಿಲ್ಲ. ಬಸದಿಯ ಕಂಬಗಳ ಪಕ್ಕದಲ್ಲಿ ಗೇರುಸಿಪ್ಪೆಯ ಎಣ್ಣೆ ಕೈ ಸುಡುವ ಕೆಲಸವನ್ನೂ ಕಂಡವರು ಊರನ್ನು ಹೆಚ್ಚು ನಿಜವಾಗಿ ಕಂಡಿದ್ದಾರೆ. ಆಕ್ಷೇಪವಿರುವುದು ಇನ್ನೊಂದು ಕಡೆ: ದಡದ ದುಡಿಮೆಯನ್ನು ಕುತೂಹಲದಿಂದ ನೋಡುವ ಕಣ್ಣು, ಹಡಗಿನೊಳಗೆ ತನ್ನ ಹಾಸಿಗೆ ಮಡಿಸುವ ದುಡಿಮೆಯನ್ನು ನೋಡುವುದಿಲ್ಲ. ಆ ದುಡಿಮೆ ಕಣ್ಣಿಗೆ ಬೀಳದಂತೆಯೇ ಹಡಗನ್ನು ಕಟ್ಟಿರುತ್ತಾರೆ. ಸಿಬ್ಬಂದಿಯ ಮೆಟ್ಟಿಲು ಬೇರೆ, ಓಣಿ ಬೇರೆ, ಊಟದ ಕೋಣೆ ಬೇರೆ.

ಹಾಗಾದರೆ ಬಂದರು ಏನು ಮಾಡಬೇಕು? ಬಾಗಿಲು ಮುಚ್ಚುವುದು ಬಂದರಿನ ಸ್ವಭಾವಕ್ಕೇ ವಿರುದ್ಧ. ಸಿಕ್ಕಷ್ಟು ಬರಲಿ ಎಂದು ತೆರೆದಿಡುವುದು ಚೌಕಾಸಿಯ ಹಕ್ಕನ್ನು ತಾನಾಗಿ ಬಿಟ್ಟುಕೊಟ್ಟಂತೆ. ನಾರ್ವೆ ಇವೆರಡರ ನಡುವಿನ ದಾರಿಯನ್ನು ಹುಡುಕುತ್ತಿದೆ. 1825ರಲ್ಲಿ ನ್ಯೂಯಾರ್ಕ್ ಕೇಳಿದ ‘ಎಷ್ಟು ಜನ?’ ಎಂಬ ಪ್ರಶ್ನೆಯನ್ನೇ ಮತ್ತೆ ಕೇಳಿ, ದಿನಕ್ಕೆ ಮೂರು ಹಡಗು, 8000 ಪ್ರಯಾಣಿಕರು ಎಂದು ಬರ್ಗೆನ್ ಮಿತಿ ಹಾಕಿಕೊಂಡಿತು. 2020ರಲ್ಲಿ ಅಲ್ಲಿಯ ಧಕ್ಕೆಯಲ್ಲಿ ಮೂರು ಕ್ರೂಸ್ ಹಡಗುಗಳಿಗೆ ಒಮ್ಮೆಲೇ ದಡದಿಂದ ವಿದ್ಯುತ್ ಕೊಡುವ ವ್ಯವಸ್ಥೆ ಶುರುವಾಯಿತು. ಆ ಸಂಪರ್ಕ ಪಡೆದ ಹಡಗು ನಿಂತಲ್ಲೇ ಎಂಜಿನ್ ಉರಿಸಿ ಊರಿಗೆ ಹೊಗೆ ಬಿಡಬೇಕಾಗಿಲ್ಲ. ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಫ್ಯೋರ್ಡುಗಳಲ್ಲಿ 2026ರಿಂದ ಹೊಗೆಯಿಲ್ಲದ ಹಡಗುಗಳಿಗೆ ಮಾತ್ರ ಪ್ರವೇಶ ಎಂದು ಸಂಸತ್ತು 2018ರಲ್ಲಿ ಠರಾವು ಮಾಡಿತು. ಆಮೇಲೆ 10,000 ಟನ್ನಿಗಿಂತ ದೊಡ್ಡ ಹಡಗುಗಳಿಗೆ 2032ರವರೆಗೆ ಸಡಿಲಿಕೆ ಸಿಕ್ಕಿತು. ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಆ ಗಾತ್ರದವೇ. ಪ್ರವಾಸಿಗರ ಒತ್ತಡವಿರುವ ಊರುಗಳು ರಾತ್ರಿ ತಂಗುವವರಿಂದ ಶೇ. 3ರವರೆಗೆ ಶುಲ್ಕ ಪಡೆಯಬಹುದೆಂಬ ಕಾನೂನು 2025ರಲ್ಲಿ ಬಂತು. ಹಡಗಿನಲ್ಲೇ ಮಲಗುವವರು ಊರಿನ ಹೋಟೆಲಿನ ಲೆಕ್ಕಕ್ಕೆ ಸಿಗುವುದಿಲ್ಲವಾದ್ದರಿಂದ ಕ್ರೂಸ್ ಹಡಗುಗಳನ್ನೂ ಅದರೊಳಗೆ ತಂದರು.

ಈ ಕ್ರಮಗಳಲ್ಲಿ ನನಗೆ ಹೆಚ್ಚು ಬೆಲೆಯದಾಗಿ ಕಾಣುವುದು ಮಿತಿಯೂ ಅಲ್ಲ, ಶುಲ್ಕವೂ ಅಲ್ಲ, ದಡದ ವಿದ್ಯುತ್ತು. ಮಿತಿ ನೂಕುನುಗ್ಗಲನ್ನು ತಗ್ಗಿಸುತ್ತದೆ, ಶುಲ್ಕ ಖಜಾನೆಗೆ ಹೋಗುತ್ತದೆ. ವಿದ್ಯುತ್ತಿನ ವಿಷಯದಲ್ಲಿ ಹಡಗಿಗೆ ಬಹುಕಾಲದ ನಂತರ ಊರಿನ ಕೆಲಸ ಬೇಕಾಗಿದೆ: ಕೇಬಲ್, ಸ್ವಿಚ್‌ಗೇರ್, ಎಂಜಿನಿಯರು, ಜಲವಿದ್ಯುತ್ ಕೇಂದ್ರ. ಸ್ಟವಾಂಗರಿನಲ್ಲಿ 2022ರಿಂದ ‘ಮೆಡ್‌ಸ್ಟ್ರೌಮ್’ ಎಂಬ ಬ್ಯಾಟರಿಚಾಲಿತ ವೇಗದ ದೋಣಿ ಸುತ್ತಲಿನ ದ್ವೀಪಗಳವರನ್ನು ಊರಿಗೂ ಮನೆಗೂ ಸಾಗಿಸುತ್ತಿದೆ. ಅದರ ಪ್ರಯಾಣಿಕರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗುವವರು, ಶಾಲೆಗೆ ಹೋಗುವವರು. ದಡದಿಂದ ವಿದ್ಯುತ್ ಹರಿಸುವ ವಿದ್ಯೆ ಇಂಥ ದೋಣಿಗೂ ಬೇಕು, ಕ್ರೂಸ್ ಹಡಗಿಗೂ ಬೇಕು. ಹೆರಿಂಗ್ ಮಾಯವಾದ ದಿನ ಊರನ್ನು ಉಳಿಸಿದ್ದು ಇಂಥ ಕೈವಿದ್ಯೆಯೇ. ಕ್ರೂಸ್ ವ್ಯಾಪಾರವೂ ಒಂದು ದಿನ ಬೇರೆ ಕಡೆ ತಿರುಗಬಹುದು. ತಿರುಗುವ ಮೊದಲು ಅದರಿಂದ ವಿದ್ಯೆ ಸಂಪಾದಿಸಿಕೊಂಡ ಊರು ಗೆದ್ದಂತೆ.

ಪ್ರಯಾಣಿಕರ ಪಾಲಿನ ಕರ್ತವ್ಯ ಇದಕ್ಕಿಂತ ಸರಳ. ನಾಲ್ಕೇ ಗಂಟೆ ಇದ್ದೆವಲ್ಲ ಎಂದು ಅವರು ನಾಚಬೇಕಾಗಿಲ್ಲ. ಮ್ಯೂಸಿಯಮ್ಮಿನಲ್ಲಿ ಹಳೆಯ ಹಡಗಿನ ಬಗ್ಗೆ ಕೇಳುವ ಪ್ರಶ್ನೆಗಳನ್ನು ತಾವು ಬಂದ ಹಡಗಿನ ಬಗ್ಗೆಯೂ ಕೇಳಬೇಕು: ಯಾವ ಬಾವುಟ, ಯಾವ ಇಂಧನ, ಯಾರ ದುಡಿಮೆ, ಎಷ್ಟು ಸಂಬಳ, ಅವರಿಗೆ ದಡಕ್ಕಿಳಿಯಲು ಬಿಡುವು ಇದೆಯೇ? ಟಿಕೇಟು ಕೊಳ್ಳುವವರು ಇದನ್ನು ಕೇಳತೊಡಗಿದರೆ ಕಂಪನಿಗಳು ಉತ್ತರ ಸಿದ್ಧಮಾಡಿಕೊಳ್ಳಲೇಬೇಕಾಗುತ್ತದೆ. ಮ್ಯೂಸಿಯಂ ಕೂಡ ಹಾಯಿ ಹೊಲಿಯುವವನ ಅಟ್ಟದ ಪಕ್ಕದಲ್ಲಿ, ಇಂದಿನ ಹಡಗಿನ ಕೆಳ ಅಂತಸ್ತಿನಲ್ಲಿ ಇಬ್ಬರು ಹಂಚಿಕೊಳ್ಳುವ ಸಿಬ್ಬಂದಿ ಕ್ಯಾಬಿನ್ ಒಂದನ್ನು ಕಟ್ಟಿ ತೋರಿಸಬೇಕು. ಅದನ್ನು ನೋಡಿದವರಿಗೆ ಕಡಲ ಚರಿತ್ರೆ ಗಾಜಿನ ಪೆಟ್ಟಿಗೆಯಲ್ಲಿ ಮುಗಿದುಹೋಗಿಲ್ಲ, ಧಕ್ಕೆಗೆ ಕಟ್ಟಿದ ಹಡಗಿನಲ್ಲಿ ನಡೆಯುತ್ತಲೇ ಇದೆ ಎಂಬುದು ಗೊತ್ತಾಗುತ್ತದೆ. ಬಂದರು ತನ್ನ ಷರತ್ತುಗಳನ್ನು ಮುಂದಿಟ್ಟಾಗ ಅವರು ಊರಿನ ಪರವಾಗಿ ನಿಲ್ಲುತ್ತಾರೆ.